ಬೆರಳು ಎಳೆದ ಮಹಾನುಭಾವ

ಸೊಲ್ಲಾಪುರದ ಡಾಕ್ಟರು ಎಕ್ಸರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಸಲ ಕನ್ನಡಕ ಹಾಕಿಕೊಂಡು ನೋಡಿದರು. ಇನ್ನೊಂದು ಸಲ ಕನ್ನಡಕ ತೆಗೆದು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು:

"ಈ ಬೆರಳ ಎಳದ ಮಹಾನುಭಾವ ಯಾರು?"

ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಡಾಕ್ಟರು, ಪೇಶಂಟ್ ಮೌಲಾಸಾಬ, ಅವನ ಹೆಂಡತಿ ಖಾಜಾಬಿ, ಮತ್ತು ನಾನು. ಡಾಕ್ಟರು ಎಳೆದಿರಲಿಲ್ಲ. ಮೌಲಾಸಾಬ ತನ್ನ ಬೆರಳನ್ನು ತಾನೇ ಎಳೆದುಕೊಂಡಿರಲಿಲ್ಲ. ಖಾಜಾಬಿ ಆ ದಿನ ಅಲ್ಲಿರಲೇ ಇಲ್ಲ. ಈ ಲೆಕ್ಕ ಬಿಡಿಸಲು ಯಾರೂ ಗಣಿತದ ಮಾಸ್ತರರಾಗಬೇಕಿಲ್ಲ.

ನಾನು ಫ್ಯಾನ್ ನೋಡಿದೆ.

ಮೂರು ರೆಕ್ಕೆಯ ಫ್ಯಾನು. ಒಂದು ರೆಕ್ಕೆಯ ಬಣ್ಣ ಅರ್ಧ ಹೋಗಿತ್ತು. ತಿರುಗುವಾಗ ಎರಡು ಸುತ್ತಿಗೊಮ್ಮೆ ಕಿರ್ರೆನ್ನುತ್ತಿತ್ತು. ಅಷ್ಟು ಶ್ರದ್ಧೆಯಿಂದ ನೋಡಿದೆ ಎಂದರೆ ಇವತ್ತಿಗೂ ಬೇಕಾದರೆ ಚಿತ್ರ ಬರೆದು ತೋರಿಸುತ್ತೇನೆ.

ಇದು ಆರು ತಿಂಗಳ ಹಿಂದಿನ ಮಾತು. ಈ ಆರು ತಿಂಗಳಲ್ಲಿ ನಾನು ಈ ಅಂಕಣದಲ್ಲಿ ನಿಮಗೆ ಏನೇನೋ ಬರೆದೆ. ವಾಡಿ ಸ್ಟೇಷನ್ನಿನ ಚಹಾದ ಬಗ್ಗೆ ಬರೆದೆ. ಸೇಡಂ ಬಸ್ಸಿನ ಕಿಟಕಿಯ ಗಾಜಿನ ಬಗ್ಗೆ ಬರೆದೆ (ಆ ಗಾಜು ಇನ್ನೂ ಹಾಕಿಲ್ಲ). ಇದೊಂದನ್ನು ಮಾತ್ರ ಬರೆಯಲಿಲ್ಲ. ಯಾಕೆ ಅಂತ ನಿಮಗೀಗ ಗೊತ್ತಾಗಿರಬೇಕು.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದೆ ಒಂದು ಬಯಲಿದೆ. ಸಂಜೆ ಐದೂವರೆಗೆ ಅಲ್ಲಿ ವಾಲಿಬಾಲ್. ಕಾರ್ಖಾನೆಯವರು, ರೈಲ್ವೆಯವರು, ಕಲ್ಲಿನ ಕೆಲಸದವರು, ನನ್ನಂಥ ಕನ್ನಡ ಮಾಸ್ತರರು, ಎಲ್ಲರೂ ಬರುತ್ತೇವೆ. ನಾನು ಆಟದಲ್ಲಿ ಅಷ್ಟಕ್ಕಷ್ಟೆ. ಸರ್ವಿಸ್ ಹಾಕಿದರೆ ನೆಟ್ ದಾಟುವುದು ದೇವರ ದಯೆ. ಆದರೂ ಆ ಬಯಲಿನಲ್ಲಿ ನನಗೊಂದು ಹೆಸರಿತ್ತು. ಬೆರಳ ಮಾಸ್ತರ.

ವಾಲಿಬಾಲ್ ಆಡಿದವರಿಗೆ ಗೊತ್ತು. ಚೆಂಡು ಬೆರಳ ತುದಿಗೆ ನೆಟ್ಟಗೆ ಬಂದು ಬಡಿಯುತ್ತದೆ. ಬೆರಳು ಗಂಟಿನಲ್ಲಿ ಸೊಟ್ಟಗಾಗುತ್ತದೆ. ಕಣ್ಣಲ್ಲಿ ನೀರು ಬರುತ್ತದೆ. ಆಗ ಏನು ಮಾಡಬೇಕು? ಯಾರಾದರೂ ಗಟ್ಟಿಗರು ಆ ಬೆರಳು ಹಿಡಿದು ಎಳೆಯಬೇಕು. ಚಟ್ ಎನ್ನಬೇಕು. "ಆತು!" ಎನ್ನಬೇಕು. ಸುಣ್ಣ-ಬೆಲ್ಲ ಕಲಸಿ ಹಚ್ಚಿ, ಚಿಂದಿ ಸುತ್ತಬೇಕು. ಇದು ನಮ್ಮ ಕಡೆಯ ಶಾಸ್ತ್ರ. ಪ್ರಶ್ನೆ ಕೇಳುವ ಹಾಗಿಲ್ಲ.

ನನಗೆ ಈ ವಿದ್ಯೆ ಬಂದದ್ದು ಕೊಡ್ಲಿ ಊರಿನ ನಮ್ಮ ಸೋದರಮಾವನಿಂದ. ಅವನು ಹಳೇ ಪೈಲವಾನ. ದನ ಕಾಯುವವರ ಬೆರಳು, ಭಾವಿ ತೋಡುವವರ ಬೆರಳು, ಬೀಗರ ಬೆರಳು, ಎಲ್ಲ ಎಳೆದವನು. "ಅವ್ನ ಮಾರಿ ನೋಡಬ್ಯಾಡ, ಮಾತಾಡಿಸ್ಕೋತ ಎಳಿ. ಚಟ್ ಅಂದ್ರ ಗಂಟು ಕೂತಿತು ಅಂತ ತಿಳಿ" ಎಂದು ಹೇಳಿಕೊಟ್ಟಿದ್ದ. ನಾನು ಹಾಗೇ ಮಾಡುತ್ತಿದ್ದೆ. "ಏನಪ್ಪಾ, ಇವತ್ತು ಮನ್ಯಾಗ ಏನ್ ಪಲ್ಯಾ?" ಎನ್ನುತ್ತಿದ್ದೆ. ಅವನು "ಬದನಿಕಾಯಿ" ಎನ್ನುವಷ್ಟರಲ್ಲಿ ಚಟ್. ಸುತ್ತ ನಿಂತವರು ಹೋ ಎನ್ನುತ್ತಿದ್ದರು. ಚಿತ್ತಾಪುರದಲ್ಲಿ ಒಮ್ಮೆ ಮದುವೆಯ ಊಟದ ಪಂಕ್ತಿಯಿಂದ ನನ್ನನ್ನು ಎಬ್ಬಿಸಿಕೊಂಡು ಹೋಗಿ ಬೆರಳು ಎಳೆಸಿದ್ದರು. ಹೋಳಿಗೆ ತಣ್ಣಗಾಯಿತು. ಆದರೂ ನನಗೆ ಬೇಸರವಿಲ್ಲ. ಮನುಷ್ಯನಿಗೆ ಹೋಳಿಗೆಗಿಂತ ಹೊಗಳಿಕೆ ರುಚಿ.

ಇನ್ನು ಮೌಲಾಸಾಬನ ಬಗ್ಗೆ ಹೇಳಬೇಕು.

ಮೌಲಾಸಾಬ ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ಶಹಾಬಾದಿನಲ್ಲಿ ಕಲ್ಲು ಕೀಳುವವರು ಸಾವಿರ, ಕೊಯ್ಯುವವರು ಸಾವಿರ, ಅಕ್ಷರ ಕೆತ್ತುವವರು ಕೈಬೆರಳಲ್ಲಿ ಎಣಿಸುವಷ್ಟು. ಕನ್ನಡ, ಉರ್ದು, ಇಂಗ್ಲಿಷ್, ಮರಾಠಿ, ಯಾವುದಾದರೂ ಸರಿ, ಕಾಗದದ ಮೇಲೆ ಬರೆದುಕೊಟ್ಟರೆ ಕಲ್ಲಿನ ಮೇಲೆ ಮೂಡಿಸುತ್ತಾನೆ. ಮನೆಯ ಹೆಸರು, ಗೋರಿಯ ಕಲ್ಲು, ಗುಡಿಯ ಮೆಟ್ಟಿಲು, ಶಾಲೆಯ ಕೋಣೆ. ರಾಜ್ಯಕ್ಕೆ ಕರ್ನಾಟಕ ಅಂತ ಹೊಸ ಹೆಸರು ಬಂದಾಗ "ಮೈಸೂರು" ಎಂದಿದ್ದ ಎಷ್ಟೋ ಕಲ್ಲುಗಳನ್ನು ತಿದ್ದಿದ್ದು ಇವನೇ. "ಸರಕಾರಕ್ಕೇನ್ರಿ ಮಾಸ್ತರ್ರ, ಬಾಯಿಲೆ ಅಂದ್ರ ಆತು. ಕೈ ನೋಯೋದು ನಂದು" ಎಂದಿದ್ದ.

ಅವನ ಕೆಲಸ ನೋಡುತ್ತ ಕೂರುವುದು ನನಗೊಂದು ಚಟ. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಉಳಿ. ಜನ ಸುತ್ತಿಗೆಯ ಕೈ ನೋಡುತ್ತಾರೆ. ಕೆಲಸವಿರುವುದು ಉಳಿಯ ಕೈಯಲ್ಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಉಳಿ ಹಿಡಿಯುತ್ತವೆ. ಉಂಗುರ ಬೆರಳು ಬಾಗಿ ಕೆಳಗಿನಿಂದ ತಡೆಯುತ್ತದೆ. ಆ ತಡೆ ಇಲ್ಲದಿದ್ದರೆ ಉಳಿ ಹಾರುತ್ತದೆ, ಅಕ್ಷರದ ಮೂಲೆ ಒಡೆಯುತ್ತದೆ. ಇದನ್ನು ನನಗೆ ಹೇಳಿದವನು ಅವನೇ. ಅಂದರೆ ಆ ಬೆರಳು ಏನು, ಎಂಥದ್ದು ಎಂದು ನನಗೆ ಮೊದಲೇ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ನನಗೆ ಗೊತ್ತಿತ್ತು.

ಆ ದಿನ ವಾಡಿಯವರ ಜೊತೆ ಮ್ಯಾಚ್. ವಾಡಿ ಲೋಕೋ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಆರಡಿ ಮನುಷ್ಯ ಸ್ಮ್ಯಾಶ್ ಹೊಡೆದ. ನೆಟ್ಟಿನ ಹತ್ತಿರ ಮೌಲಾಸಾಬ ಎರಡೂ ಕೈ ಎತ್ತಿ ತಡೆಯಲು ಹೋದ. ಚೆಂಡು ಎಡಗೈಯ ಉಂಗುರ ಬೆರಳಿಗೆ ನೆಟ್ಟಗೆ ಬಂದು ಬಡಿಯಿತು.

"ಬೆರಳ ಮಾಸ್ತರನ್ನ ಕರೀರೋ!"

ನಾನು ಕರೆಯುವ ಮೊದಲೇ ಹೊರಟಿದ್ದೆ. ಬೆರಳಿನ ನಡುಗಂಟು ಹಿಂದಕ್ಕೆ ಸರಿದು ಮೆಟ್ಟಿಲಿನ ಹಾಗೆ ಕಾಣುತ್ತಿತ್ತು. "ಏನ್ ಮೌಲಾ, ಮನ್ಯಾಗ ಇವತ್ತೇನ್ ಅಡಗಿ?" ಎಂದೆ. ಅವನು ಹಲ್ಲು ಕಚ್ಚಿಕೊಂಡ. ಎಳೆದೆ. ಚಟ್. ಬೆರಳು ನೆಟ್ಟಗಾಯಿತು. "ಆತು!" ಎಂದೆ. ಎಲ್ಲರೂ "ಆತು!" ಎಂದರು. ವಾಡಿಯ ಆರಡಿ ಮನುಷ್ಯ ಬಂದು ನನ್ನ ಬೆನ್ನು ತಟ್ಟಿದ. ಮ್ಯಾಚ್ ಮುಂದುವರಿಯಿತು. ನಾವು ಸೋತೆವು. ನನಗೆ ಸೋತ ಬೇಸರವೂ ಆಗಲಿಲ್ಲ.

"ಎಕ್ಸರೇ ತೆಗಿಸ್ಲೇನ್ರಿ?" ಎಂದು ಮರುದಿನ ಮೌಲಾಸಾಬ ಕೇಳಿದ. ನಾನೇನು ಹೇಳಿದೆ ಗೊತ್ತೇ? "ಕೂತದ ಅಂತ ಹೇಳಿಲ್ಲೇನು? ಬಾವು ಅದ, ಇಳೀತದ. ಸುಣ್ಣ-ಬೆಲ್ಲ ಬಿಡಬ್ಯಾಡ." ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ. ನನ್ನ ವಿದ್ಯೆಯ ಮೇಲೆ ಅನುಮಾನವೇ?

ಐದು ವಾರ ಕಳೆದವು.

ನಮ್ಮ ಶಾಲೆಯ ಹೊಸ ಕೋಣೆಗೆ ಹೆಸರಿನ ಕಲ್ಲು ಬೇಕಿತ್ತು. ನಾನೇ ಹೋಗಿ ಹೇಳಿ ಬಂದಿದ್ದೆ. ತರಲು ಹೋದರೆ ಮೌಲಾಸಾಬ ಕಲ್ಲನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದ. "ಆಗಿಲ್ರಿ" ಎಂದ. ತಿರುಗಿಸಿ ನೋಡಿದೆ. "ಶಾಲೆ" ಎಂಬಲ್ಲಿ "ಲೆ" ಒಡೆದಿತ್ತು. ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿ ಅಕ್ಷರ ಒಡೆದದ್ದನ್ನು ನಾನು ನೋಡಿಲ್ಲ. ಪಕ್ಕದಲ್ಲಿ ಇನ್ನೂ ಎರಡು ಕಲ್ಲುಗಳಿದ್ದವು. ಅವುಗಳ ಮುಖವೂ ಗೋಡೆಯ ಕಡೆಗೇ ಇತ್ತು. ಅವನ್ನು ತಿರುಗಿಸುವ ಧೈರ್ಯ ನನಗಾಗಲಿಲ್ಲ.

"ಕೈ ತೋರ್ಸು" ಎಂದೆ.

ಬೆರಳಿನ ನಡುಗಂಟು ಅಡಿಕೆಯಷ್ಟು ದಪ್ಪವಾಗಿತ್ತು. ಬಾಗಿಸು ಎಂದರೆ ಉಳಿದ ನಾಲ್ಕು ಬಾಗಿದವು. ಅದೊಂದು ಕಡ್ಡಿಯ ಹಾಗೆ ನೆಟ್ಟಗೇ ನಿಂತಿತು.

"ಹೇಳಬಾರದಿತ್ತೇನೋ?"

"ಹೇಳಿದ್ನಲ್ರಿ. ಬಾವು ಇಳೀತದ ಅಂದ್ರಿ."

ಗುಲಬರ್ಗಾಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಎಕ್ಸರೇ ತೆಗೆಸಿ, "ಇದು ಕೈ ಆಪರೇಶನ್ ಮಾಡೋರ ಕೆಲಸ, ಸೊಲ್ಲಾಪುರಕ್ಕ ಹೋಗ್ರಿ" ಎಂದು ಚೀಟಿ ಬರೆದರು. ಹೀಗೆ ನಾವು ಮೂವರೂ ಪ್ಯಾಸೆಂಜರ್ ಗಾಡಿ ಹತ್ತಿ ಆ ಕೋಣೆಗೆ, ಆ ಫ್ಯಾನಿನ ಕೆಳಗೆ ಬಂದು ತಲುಪಿದೆವು.

"ಯಾರು ಎಳದವ್ರು?" ಡಾಕ್ಟರು ಮತ್ತೆ ಕೇಳಿದರು. ಅಕ್ಕಲಕೋಟ ಕಡೆಯವರು, ಕನ್ನಡ ನಮ್ಮದೇ.

"ಗದ್ದಲದಾಗ ಯಾರೋ ಎಳದ್ರಿ ಸಾಹೇಬ್ರ. ಲಕ್ಷ್ಯ ಇಲ್ಲ" ಎಂದ ಮೌಲಾಸಾಬ. ನನ್ನ ಕಡೆ ನೋಡಲೂ ಇಲ್ಲ.

ಖಾಜಾಬಿ ಮಾತ್ರ ಸುಮ್ಮನಿರಲಿಲ್ಲ. "ಯಾವ ಮುಠ್ಠಾಳ ಎಳದಾನೋ, ಅವ್ನ ಕೈಗಿ ಹುಳಾ ಬೀಳ್ಲಿ!" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಅಣ್ಣಾರು ಇದ್ರು ಅಂತ ನಾವ್ ಇಲ್ಲೀತನಕ ಬಂದೀವ್ರಿ ಸಾಹೇಬ್ರ. ಸಾಲಿ ರಜಾ ಹಾಕಿ ಬಂದಾರ" ಎಂದಳು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಒಪ್ಪಿಕೊಳ್ಳುತ್ತಿದ್ದೆ ಅನ್ನುತ್ತೀರಿ. ಮನೆಯಲ್ಲಿ ಕೂತು ಪೇಪರ್ ಓದುವಾಗ ನಾನೂ ಹಾಗೇ ಅನ್ನುತ್ತೇನೆ.

ಡಾಕ್ಟರು ಟೇಬಲ್ ಮೇಲಿದ್ದ ಚಹಾದ ಬಟ್ಟಲು ಎತ್ತಿಕೊಂಡರು. ಖಾಲಿ ಬಟ್ಟಲು. ಅದರೊಳಗೆ ತಮ್ಮ ಮುಷ್ಟಿ ಇಟ್ಟು ಹೊರಳಿಸಿದರು.

"ಬೆರಳಿನ ಗಂಟು ಅಂದ್ರ ಇಷ್ಟೇ. ಒಂದು ಎಲುಬು ಬಟ್ಟಲಿದ್ದಂಗ, ಇನ್ನೊಂದು ಅದರಾಗ ಕೂತು ಹೊಳ್ಳತದ. ಚೆಂಡು ಬಡದಾಗ ಈ ಬಟ್ಟಲಿನ ಮುಂದಿನ ಅಂಚು ಒಡದು ಚೂರು ಚೂರು ಆಗ್ಯದ. ಅಂಚೇ ಇಲ್ಲ ಅಂದ್ರ ಬಟ್ಟಲು ನಿಲ್ತದೇನು? ಹಿಂದಕ್ಕ ಜಾರ್ತದ."

"ಮತ್ತ ಎಳದಾಗ ನೆಟ್ಟಗ ಆಗಿತ್ತಲ್ರಿ?" ಎಂದೆ. ನನಗೇ ತಡೆಯಲಾಗಲಿಲ್ಲ.

"ಆಗ್ತದ. ಚಟ್ ಅಂತ ಸಪ್ಪಳಾನೂ ಆಗ್ತದ. ಕೈ ಬಿಟ್ಟ ಮ್ಯಾಲ ಮತ್ತ ಜಾರ್ತದ. ಬಾವಿನಾಗ ಯಾರಿಗೂ ಕಾಣಂಗಿಲ್ಲ. ಎಲುಬು ಒಡದದ್ದು ಚೆಂಡಿನಿಂದ, ಅದನ್ನ ನಾ ಆ ಮನುಷ್ಯಾನ ತಲಿಗಿ ಕಟ್ಟಂಗಿಲ್ಲ. ಆದ್ರ ಎಳದು 'ಆತು' ಅಂದನಲ್ಲ, ಅದು ಅವ್ನ ತಪ್ಪು. ಅವತ್ತೇ ಬಂದಿದ್ರ ಸಣ್ಣ ಕೆಲಸ ಇತ್ತು. ಐದು ವಾರ ಅಂದ್ರ ಒಡದ ಚೂರು ಕೆಲಸಕ್ಕ ಬರಂಗಿಲ್ಲ. ಈಗ ಹೊಸಾ ಎಲುಬು ತಂದು ಅಂಚು ಕಟ್ಟಬೇಕು."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊಸಾ ಎಲುಬು? ಮನೆಗೆ ಹೊಸಾ ತೊಲೆ ತರುತ್ತಾರೆ. ಗಾಡಿಗೆ ಹೊಸಾ ಅಚ್ಚು ತರುತ್ತಾರೆ. ಮನುಷ್ಯನಿಗೆ ಹೊಸಾ ಎಲುಬು ಎಲ್ಲಿಂದ ತರುತ್ತಾರೆ?

ಖಾಜಾಬಿಯ ಮುಖ ಬಿಳಿಚಿತು. "ಯಾರ ಹಡ್ಡಿ ಹಾಕ್ತೀರಿ ಸಾಹೇಬ್ರ?" ಎಂದು ಕೇಳಿದಳು. ಸತ್ತವರದೋ, ದನದ್ದೋ ಎಂದು ಅವಳಿಗೆ ಹೆದರಿಕೆ. ನನಗೂ ಅದೇ ಹೆದರಿಕೆ. ನಾನೂ ಕೇಳಬೇಕೆಂದಿದ್ದೆ, ಓದಿದವನು ಎಂಬ ನಾಚಿಕೆಗೆ ಸುಮ್ಮನಿದ್ದೆ.

ಡಾಕ್ಟರು ಉತ್ತರ ಕೊಡುವ ಮೊದಲೇ ನನ್ನ ಬಾಯಿಂದ ಒಂದು ಮಾತು ಬಂದುಬಿಟ್ಟಿತು.

"ನಂದು ತಗೋರಿ."

"ಏನು?"

"ನನ್ನ ಎಲುಬು ತಗೋರಿ. ಎಲ್ಲಿಂದ ಬೇಕಾದ್ರೂ ತಗೋರಿ."

ಡಾಕ್ಟರು ನಕ್ಕುಬಿಟ್ಟರು. "ಮಾಸ್ತರ್ರ, ಇದೇನು ರಕ್ತದ ಬಾಟ್ಲಿ ಅಲ್ರಿ!" ಎಂದರು. ಖಾಜಾಬಿ ನಗಲಿಲ್ಲ. ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, "ಒಡಹುಟ್ಟಿದವ್ರೂ ಹಿಂಗ ಅನ್ನಂಗಿಲ್ರಿ ಅಣ್ಣಾರ" ಎಂದಳು.

ಆ ಕ್ಷಣ ನೆಲ ಬಾಯಿ ಬಿಟ್ಟಿದ್ದರೆ ನಾನು ಟಿಕೆಟ್ ಇಲ್ಲದೆ ಒಳಗೆ ಹೋಗುತ್ತಿದ್ದೆ.

"ಬ್ಯಾರೇದವ್ರ ಎಲುಬು ಬ್ಯಾಡ. ಇವನ ಹತ್ರನೇ ಅದ" ಎಂದ ಡಾಕ್ಟರು ಮೌಲಾಸಾಬನ ಅದೇ ಎಡಗೈಯ ಮಣಿಕಟ್ಟಿನ ಹತ್ತಿರ ಬೆರಳಿಟ್ಟರು. "ಇಲ್ಲಿಂದ ಒಂದು ಸಣ್ಣ ಚೂರು ತಗೀತೀನಿ. ಬಟ್ಟಲಿನ ಅಂಚಿನಂಗ ಕೆತ್ತಿ ಬೆರಳಿನ ಗಂಟಿನಾಗ ಕೂಡಸ್ತೀನಿ. ತಂತಿ ಹಾಕಿ ಹಿಡಿಸ್ತೀನಿ. ತಗದ ಜಾಗಾ ತಾನ ತುಂಬಕೋತದ."

ಖಾಜಾಬಿಗೆ ಈಗ ಇನ್ನೂ ದೊಡ್ಡ ಗಾಬರಿ. "ಅಯ್ಯ ಅಲ್ಲಾ! ಕೆಟ್ಟ ಬೆರಳಿನ ಸಲುವಾಗಿ ಛಲೋ ಕೈ ಕಡೀತಾರೇನ್ರಿ? ಬೆರಳೂ ಹೋಗಿ, ಕೈನೂ ಹೋದ್ರ?" ನನಗೂ ಅದು ಸರಿಯಾದ ಪ್ರಶ್ನೆ ಅನ್ನಿಸಿತು. ಒಂದು ತೂತು ಮುಚ್ಚಲು ಇನ್ನೊಂದು ತೂತು ಕೊರೆಯುವುದೇ?

ಆಗ ಮೌಲಾಸಾಬ ಮೊದಲ ಸಲ ನಕ್ಕ.

"ಹುಚ್ಚಿ, ನಾ ಏನ್ ಮಾಡ್ತೀನಿ? ಕಲ್ಲಿನ ಮೂಲಿ ಒಡದ್ರ ಬ್ಯಾರೆ ಕಲ್ಲಿನ ಚೂರು ಹಚ್ತೀನೇನು? ಹಚ್ಚಿದ್ರ ಬಣ್ಣ ಕೂಡಂಗಿಲ್ಲ, ಎಳಿ ಕೂಡಂಗಿಲ್ಲ. ಅದೇ ಕಲ್ಲಿನ ಬೆನ್ನಿಗಿ ಕೈ ಹಾಕ್ತೀನಿ. ಬೆನ್ನ ಮ್ಯಾಲಿಂದ ಒಂದು ಚೂರು ಎಬ್ಬಿಸಿ ಮುಂದ ಕೂಡಸ್ತೀನಿ. ಬೆನ್ನ ಯಾರ್ ನೋಡ್ತಾರ? ಸಾಹೇಬ್ರು ಮಾಡೋದೂ ಅದೇ ಕೆಲಸ."

ಡಾಕ್ಟರು ಚಹಾದ ಬಟ್ಟಲನ್ನು ಬದಿಗೆ ಸರಿಸಿದರು. "ನಿನಗ ಹೇಳಲಿಕ್ಕಿ ನನಗ ಬಟ್ಟಲು ಬೇಕಾಗಿರ್ಲಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಈಗೇ ಹೇಳ್ತೀನಿ. ಮೊದಲಿನಂಗ ಆಗ್ತದ ಅಂತ ನಾ ಅನ್ನಂಗಿಲ್ಲ. ಉಳಿ ತಡಿಯೋವಷ್ಟು ಬಾಗಿದ್ರ ನಾ ಗೆದ್ದೆ. ಬಾಗ್ಲಿಲ್ಲ ಅಂದ್ರ ಬ್ಯಾರೆ ಕೆಲಸ ನೋಡಬೇಕಾಗ್ತದ" ಎಂದರು.

ಬೇರೆ ಕೆಲಸ. ನಲವತ್ತೆರಡು ವರ್ಷದ ಮೌಲಾಸಾಬನಿಗೆ ಬೇರೆ ಕೆಲಸ. ಖಾಜಾಬಿ ಗಂಡನ ಆ ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಮತ್ತೆ ಫ್ಯಾನ್ ನೋಡಿದೆ.

ಮರುದಿನ ಆಪರೇಶನ್. ಕೈ ಮಾತ್ರ ಸುಮ್ಮನಾಗುವ ಇಂಜೆಕ್ಷನ್ ಕೊಟ್ಟಿದ್ದರು. ಮನುಷ್ಯ ಎಚ್ಚರ. ಹೊರಗೆ ಬಂದ ಡಾಕ್ಟರು ಹೇಳಿದ್ದನ್ನು ಕೇಳಿ ನಾನು ಬೆಂಚಿನ ಮೇಲೆ ಕೂತೇಬಿಟ್ಟೆ. ಮಣಿಕಟ್ಟಿನ ಎಲುಬಿನಿಂದ ಚೂರು ಎಬ್ಬಿಸಲು ಅವರೂ ಉಳಿಯನ್ನೇ ಹಿಡಿಯುತ್ತಾರಂತೆ. ಬೆರಳುದ್ದದ ಉಳಿ, ಪುಟ್ಟ ಸುತ್ತಿಗೆ. ಟಕ್, ಟಕ್, ಟಕ್. ನಡುವೆ ಬಟ್ಟೆಯ ಪರದೆ. ಪರದೆಯ ಆಚೆಯಿಂದ ಮೌಲಾಸಾಬನ ದನಿ ಬಂತಂತೆ:

"ಸಾಹೇಬ್ರ, ಉಳಿ ಭಾಳ ನೆಟ್ಟಗ ಹಿಡದೀರಿ. ಸಪ್ಪಳ ಹೇಳ್ತದ. ಸ್ವಲ್ಪ ಓರಿ ಹಿಡೀರಿ, ಪದರ ಬಿಡ್ತದ."

"ಹಿಡದ್ರಿ?" ಎಂದೆ ನಾನು.

"ಹಿಡದೆ" ಎಂದರು ಡಾಕ್ಟರು. "ಪದರ ಬಿಟ್ಟಿತು."

ನಿಮಗೆ ನಗು ಬಂದಿರಬಹುದು. ನನಗೆ ನಗು ಬರಲಿಲ್ಲ. ತನ್ನ ಎಲುಬಿನ ಮೇಲೆ ಉಳಿ ಬೀಳುವ ಸಪ್ಪಳ ಕೇಳುತ್ತ ಮಲಗಿದ ಮನುಷ್ಯನನ್ನು ನೆನೆದು ನನ್ನ ಅಂಗೈ ಬೆವರಿತು. ಯಾವ ಅಂಗೈ? ಎಳೆದ ಅಂಗೈ.

ವಾರ್ಡಿನಲ್ಲಿ ಖಾಜಾಬಿ ಚಹಾ ತರಲು ಹೋದಾಗ ಮೌಲಾಸಾಬನ ಹತ್ತಿರ ಕೂತೆ. ಬೆರಳಿನಿಂದ ಒಂದು ಸ್ಟೀಲ್ ತಂತಿಯ ತುದಿ ಹೊರಗೆ ಇಣುಕುತ್ತಿತ್ತು. ನೋಡಲಾಗಲಿಲ್ಲ.

"ನನ್ನ ಹೆಸರ ಯಾಕ ಹೇಳಲಿಲ್ಲೋ ಮೌಲಾ?"

"ಹೇಳಿದ್ರ ಬೆರಳ ಬಾಗ್ತಿತ್ತೇನ್ರಿ?"

"ಖಾಜಾಬಿ ಮುಂದಾದ್ರೂ ಹೇಳು."

ಅವನು ಕಣ್ಣು ಮುಚ್ಚಿಕೊಂಡ. "ಅದು ನಿಮ್ಮ ಕೆಲಸ ಮಾಸ್ತರ್ರ. ನಿಮ್ಮ ಕೆಲಸ ನಾ ಯಾಕ ಮಾಡ್ಲಿ?"

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮಾಮೂಲಿ ದನಿಯಲ್ಲಿ ಹೇಳಿದ.

ಮುಂದಿನ ಮೂರು ತಿಂಗಳು ನಾನು ಅವರ ಮನೆಗೆ ಎಷ್ಟು ಸಲ ಹೋದೆನೋ. ಪ್ರತಿ ಸಲ ಹೇಳಬೇಕೆಂದೇ ಹೋಗುತ್ತಿದ್ದೆ. ಖಾಜಾಬಿ ಕುರ್ಚಿ ಒರೆಸಿ "ಕುಂದ್ರಿ ಅಣ್ಣಾರ" ಎನ್ನುತ್ತಿದ್ದಳು. ಚಹಾ ಕೊಡುತ್ತಿದ್ದಳು. ಚಹಾ ಕುಡಿಯುತ್ತ ಹೇಗೆ ಹೇಳುವುದು? ಕುಡಿದ ಮೇಲೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಕುಡಿದ ಮೇಲೆ ಎದ್ದು ಬರುತ್ತಿದ್ದೆ. (ಒಮ್ಮೆ ಎರಡು ಕಪ್ಪು ಕುಡಿದೆ. ಅದರಿಂದಲೂ ಉಪಯೋಗವಾಗಲಿಲ್ಲ.)

ತಂತಿ ತೆಗೆದರು. ಬೆರಳು ಬಾಗಲಿಲ್ಲ. ದಿನಾ ಬಿಸಿನೀರಿನಲ್ಲಿ ಕೈಯಿಟ್ಟು ಬಾಗಿಸಬೇಕು ಎಂದು ಡಾಕ್ಟರು ಹೇಳಿದ್ದರು. ಖಾಜಾಬಿ ಎದುರಿಗೆ ಕೂತು ಹೇಳಿ ಹೇಳಿ ಬಾಗಿಸುತ್ತಿದ್ದಳು. ಅವನ ಹಣೆಯಲ್ಲಿ ಬೆವರು, ಅವಳ ಕಣ್ಣಲ್ಲಿ ನೀರು. "ಇನ್ನೊಂದ್ಸಲ. ಇನ್ನೊಂದೇ ಸಲ." ಮೊದಲ ವಾರ ಹೆಸರಿಗಷ್ಟೇ ಬಾಗಿತು. ತಿಂಗಳಿಗೆ ಅರ್ಧ ಬಾಗಿತು. ಗೋಡೆಯ ಕಡೆ ಮುಖ ಮಾಡಿದ ಮೂರು ಕಲ್ಲುಗಳು ಹಾಗೇ ನಿಂತಿದ್ದವು. ಒಂದು ದಿನ ನಾನು ಹೋದಾಗ ಮೌಲಾಸಾಬ ಉಳಿ ಎತ್ತಿಕೊಂಡು ಹಿಡಿದು ತೋರಿಸಿದ. ಉಂಗುರ ಬೆರಳು ಪೂರ್ತಿ ಬಾಗಿರಲಿಲ್ಲ. ಮುಕ್ಕಾಲು ಬಾಗಿತ್ತು. ಆದರೆ ಉಳಿಯ ಕೆಳಗೆ ಬಂದು ತಡೆದು ನಿಂತಿತ್ತು. ನಾನು ಅಲ್ಲೇ ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಹೋದ ತಿಂಗಳು ಮತ್ತೆ ವಾಡಿಯವರು ಬಂದರು. ಮ್ಯಾಚ್ ನಡೆದಿತ್ತು. ಮೌಲಾಸಾಬ ಆಡುತ್ತಿರಲಿಲ್ಲ, ಬದಿಗೆ ಕಲ್ಲಿನ ಮೇಲೆ ಕೂತಿದ್ದ. ನಮ್ಮ ಪೋಸ್ಟಾಫೀಸಿನ ಗುಮಾಸ್ತರೊಬ್ಬರ ಬೆರಳಿಗೆ ಚೆಂಡು ಬಡಿಯಿತು. ಸೊಟ್ಟಗಾಯಿತು.

"ಬೆರಳ ಮಾಸ್ತರನ್ನ ಕರೀರೋ!"

ನಿಮಗೆ ನಿಜ ಹೇಳುತ್ತೇನೆ. ನನ್ನ ಕಾಲು ಹೊರಟೇಬಿಟ್ಟಿತ್ತು. ಕೈ ಮುಂದೆ ಬಂದಿತ್ತು. "ಏನ್ರಿ, ಮನ್ಯಾಗ ಏನ್ ಪಲ್ಯಾ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೊಲ್ಲಾಪುರ, ಎಕ್ಸರೇ, ಬಟ್ಟಲು, ತಂತಿ, ಇಷ್ಟೆಲ್ಲ ಕಂಡ ಕೈ ಮತ್ತೆ ಎಳೆಯಲು ಹೊರಟಿತ್ತು. ಮೌಲಾಸಾಬನ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಕೈ ಹಿಂದಕ್ಕೆ ತೆಗೆದುಕೊಂಡೆ.

"ನಾ ಎಳ್ಯಂಗಿಲ್ಲ. ಎಕ್ಸರೇ ತೆಗಿಸ್ರಿ" ಎಂದೆ.

ಎಲ್ಲರೂ ನನ್ನನ್ನು ಹುಚ್ಚನ ಹಾಗೆ ನೋಡಿದರು. "ಮಾಸ್ತರ್ರಿಗಿ ಏನಾಗ್ಯದೋ?" "ಇಷ್ಟಕ್ಕ ಯಾರ ಎಕ್ಸರೇ ತೆಗಸ್ತಾರ?" ವಾಡಿಯ ಆರಡಿ ಮನುಷ್ಯ ಮುಂದೆ ಬಂದ. ಗುಮಾಸ್ತರ ಬೆರಳು ಹಿಡಿದ. ಚಟ್.

"ಆತು!"

"ಆತು!" ಎಂದಿತು ಇಡೀ ಬಯಲು.

ನಾನು ಗುಮಾಸ್ತರನ್ನು ಕೈ ಹಿಡಿದು ಬಸ್ಸಿಗೆ ಹತ್ತಿಸಿ ಗುಲಬರ್ಗಾಕ್ಕೆ ಕರೆದೊಯ್ದೆ. ಅವರ ಎಲುಬಿಗೆ ಏನೂ ಆಗಿರಲಿಲ್ಲ. ದಾರಿಯುದ್ದಕ್ಕೂ ನನಗೆ ಬೈಯುತ್ತ ಬಂದರು. ಬೈಯಲಿ ಬಿಡಿ. ಆದರೆ ನನ್ನನ್ನು ಬೆಚ್ಚಿಸಿದ್ದು ಆ "ಆತು". ನಮ್ಮಲ್ಲಿ ಎಲ್ಲಕ್ಕೂ ಒಂದು "ಆತು" ಇದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕಡ್ಡಿಯಿಂದ ಬಡಿದು "ಆತು" ಅನ್ನುತ್ತೇವೆ. ಬಸ್ಸಿನ ಬ್ರೇಕಿಗೆ ಹಗ್ಗ ಕಟ್ಟಿ "ಆತು" ಅನ್ನುತ್ತೇವೆ. ಫೇಲಾದ ಹುಡುಗನನ್ನು ಮುಂದಿನ ಕ್ಲಾಸಿಗೆ ತಳ್ಳಿ ನಾವು ಮಾಸ್ತರರು "ಆತು" ಅನ್ನುತ್ತೇವೆ. ಒಳಗೆ ಏನು ಒಡೆದಿದೆ, ಯಾರು ನೋಡುತ್ತಾರೆ? ಮೇಲೆ ನೆಟ್ಟಗೆ ಕಂಡರೆ ಸಾಕು. ಬೆನ್ನು ತಟ್ಟಿಸಿಕೊಂಡು ಮನೆಗೆ ಹೋಗುತ್ತೇವೆ. ಜಾರುವುದು ಆಮೇಲೆ, ನಾವು ಇಲ್ಲದಾಗ, ಬೇರೆಯವರ ಮನೆಯಲ್ಲಿ.

ಮೌಲಾಸಾಬ ಆ ದಿನ ಕೂತ ಕಲ್ಲಿನ ಮೇಲಿಂದ ಎದ್ದು ಮನೆಗೆ ಹೋದ.

ಮೊನ್ನೆ ಭಾನುವಾರ ಸಂಜೆ ಬಯಲಿಗೆ ಹೋದೆ. ನೆಟ್ಟಿನ ಕಂಬದ ಬುಡದಲ್ಲಿ ಹೊಸದೊಂದು ಶಹಾಬಾದ್ ಕಲ್ಲು ನೆಟ್ಟಿತ್ತು. ಮೊಣಕಾಲಿನೆತ್ತರ. ಮೌಲಾಸಾಬ ಅದರ ಬುಡಕ್ಕೆ ಮಣ್ಣು ತುಳಿಯುತ್ತಿದ್ದ. ಖಾಜಾಬಿ ನೀರಿನ ಕೊಡ ಹಿಡಿದು ನಿಂತಿದ್ದಳು. ಆಪರೇಶನ್ ಆದ ಮೇಲೆ ಅವನು ಕೆತ್ತಿದ ಮೊದಲ ಕಲ್ಲು. ಅಕ್ಷರ ಮೊದಲಿಗಿಂತ ಸ್ವಲ್ಪ ದಪ್ಪ. ಒಂದು ಮೂಲೆಯೂ ಒಡೆದಿರಲಿಲ್ಲ.

"ಬಂದ್ರೇನ್ರಿ ಅಣ್ಣಾರ" ಎಂದಳು ಖಾಜಾಬಿ. "ಏನ್ ಬರದೀ ಅಂತ ಕೇಳಿದ್ರ ಹೇಳವಲ್ಲ ನೋಡ್ರಿ. ಮಾಸ್ತರ್ರು ಓದಿ ಹೇಳ್ತಾರ ಅಂತಾನ." ಅವಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ.

ಬಗ್ಗಿ ಗಟ್ಟಿಯಾಗಿ ಓದಿದೆ.

"ಬೆರಳು ಎಳೆಯಬೇಡಿ. ಡಾಕ್ಟರಿಗೆ ತೋರಿಸಿ. ಎಳೆದು ಕೆಡಿಸಿದ ಅನುಭವದಿಂದ ಹೇಳುತ್ತಿದ್ದೇನೆ. ಇಂತಿ..."

ಅಷ್ಟೇ. ಇಂತಿ ಆದ ಮೇಲೆ ಒಂದು ಗೇಣು ಜಾಗ ನುಣ್ಣಗೆ ಖಾಲಿ ಬಿಟ್ಟಿತ್ತು.

"ಇಂತಿ ಯಾರ್ರಿ?" ಎಂದಳು ಖಾಜಾಬಿ.

ಮೌಲಾಸಾಬ ಜೇಬಿನಿಂದ ಉಳಿ ತೆಗೆದ. ಕಲ್ಲಿನ ಮುಂದೆ ಕೂತ. ಉಳಿಯ ತುದಿಯನ್ನು ಆ ಖಾಲಿ ಜಾಗದ ಮೇಲೆ ಇಟ್ಟು, ಮುಕ್ಕಾಲು ಬಾಗುವ ಆ ಬೆರಳಿನಿಂದ ಕೆಳಗೆ ತಡೆಕೊಟ್ಟು, ಸುಮ್ಮನೆ ಕಾದ. ನನ್ನ ಕಡೆ ನೋಡಲಿಲ್ಲ. ಸೊಲ್ಲಾಪುರದಲ್ಲೂ ಅವನು ನೋಡಿರಲಿಲ್ಲ.

ಬಯಲಿನಲ್ಲಿ ಫ್ಯಾನ್ ಇರುವುದಿಲ್ಲ. ಮೇಲೆ ಬರೀ ಆಕಾಶ.

"ನಾನೇ ಎಳದವ, ಖಾಜಾಬಿ" ಎಂದೆ. "ಎಳದವನೂ ನಾನೇ, ಎಕ್ಸರೇ ಬ್ಯಾಡ ಅಂದವನೂ ನಾನೇ."

ಅವಳು ಕೊಡ ಕೆಳಗಿಟ್ಟಳು. ಗಂಡನ ಮುಖ ನೋಡಿದಳು. ಅವನಿಗೆ ಮೊದಲೇ ಗೊತ್ತಿತ್ತು ಎನ್ನುವುದು ಅವಳಿಗೆ ಆಗ ತಿಳಿಯಿತು. ಆಮೇಲೆ ನನ್ನ ಎರಡೂ ಕೈಗಳನ್ನು ನೋಡಿದಳು, ಹುಳ ಬಿದ್ದಿದೆಯೋ ಎಂದು ನೋಡುವವಳ ಹಾಗೆ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸಾಕಿತ್ತು. ಮೌಲಾಸಾಬ ನನ್ನ ಹೆಸರಿನ ಮೊದಲ ಅಕ್ಷರಕ್ಕೆ ಸುತ್ತಿಗೆ ಹಾಕಿದ. ಟಕ್. ಆ ಸಪ್ಪಳಕ್ಕೆ ಅವಳು ಬಾಯಿ ಬಿಟ್ಟಳು:

"ಹಂಗಾರ ಅವತ್ತು 'ನನ್ನ ಎಲುಬು ತಗೋರಿ' ಅಂದ್ರಲ್ರಿ ಅಣ್ಣಾರ, ಅದಾದ್ರೂ ಖರೇ ಇತ್ತೇನ್ರಿ?"